ನಿಲ್ಲದ ಕಣ್ಣು, ನಿಂತ ಜಗತ್ತು

ಕಣ್ಣನ್ನು ಕ್ಯಾಮೆರಾಕ್ಕೆ ಹೋಲಿಸುವುದು ನಮ್ಮ ಪಠ್ಯಪುಸ್ತಕಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಮುಂದೊಂದು ಮಸೂರ, ಹಿಂದೊಂದು ಪರದೆ, ಪರದೆಯ ಮೇಲೆ ತಲೆಕೆಳಗಾದ ಬಿಂಬ: ಇಷ್ಟರ ಮಟ್ಟಿಗೆ ಹೋಲಿಕೆ ಸರಿಯಾದದ್ದೇ. ಆದರೆ ಯಾವ ಛಾಯಾಗ್ರಾಹಕನನ್ನಾದರೂ ಕೇಳಿ ನೋಡಿ. ಚಿತ್ರ ತೆಗೆಯುವ ಕ್ಷಣದಲ್ಲಿ ಕೈ ಕೊಂಚ ನಡುಗಿದರೂ ಚಿತ್ರ ಕೆಡುತ್ತದೆಂದು ಅವನು ಹೇಳುತ್ತಾನೆ. ನಮ್ಮ ಕಣ್ಣುಗಳಾದರೋ ಎಚ್ಚರವಿರುವಷ್ಟು ಹೊತ್ತೂ ಅಲುಗುತ್ತಲೇ ಇರುತ್ತವೆ. ಅವನ್ನು ಹೊತ್ತ ತಲೆ ನಡೆಯುವಾಗ ಹೆಜ್ಜೆಹೆಜ್ಜೆಗೂ ಕುಲುಕುತ್ತದೆ. ಇಷ್ಟಾದರೂ ಎದುರಿನ ಗೋಡೆ ನಿಂತಲ್ಲೇ ನಿಂತಿರುತ್ತದೆ, ರಸ್ತೆ ಕುಣಿಯುವುದಿಲ್ಲ. ಅಲುಗುವ ಕಣ್ಣಿಗೆ ಅಲುಗದ ಜಗತ್ತು ಕಾಣುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಮಸೂರದಲ್ಲಿಲ್ಲ. ಕಣ್ಣನ್ನು ಆಡಿಸುವ ಸ್ನಾಯುಗಳಲ್ಲಿಯೂ, ಆ ಸ್ನಾಯುಗಳನ್ನು ಆಳುವ ಮೆದುಳಿನಲ್ಲಿಯೂ ಇದೆ.

ಕಣ್ಣು ಏಕೆ ಚಲಿಸಬೇಕು?

ಕಣ್ಣು ಸುಮ್ಮನೆ ಒಂದೆಡೆ ನಿಂತು ಎಲ್ಲವನ್ನೂ ನೋಡಬಾರದೇಕೆ? ಕಾರಣ, ಅಕ್ಷಿಪಟಲದ ಎಲ್ಲ ಭಾಗಗಳೂ ಒಂದೇ ಬಗೆಯಲ್ಲಿ ನೋಡಲಾರವು. ಅದರ ನಡುವೆ ಹಳದಿ ಚುಕ್ಕೆ ಎಂಬ ಪ್ರದೇಶವಿದೆ. ಆ ಚುಕ್ಕೆಯ ಮಧ್ಯದಲ್ಲಿರುವ ಪುಟ್ಟ ಕುಳಿಯಲ್ಲಿ ಬೆಳಕನ್ನು ಗ್ರಹಿಸುವ ಶಂಕುಕೋಶಗಳು ಬಹಳ ಒತ್ತಾಗಿ ನೆರೆದಿವೆ. ಸೂಕ್ಷ್ಮ ವಿವರಗಳು ಸ್ಪಷ್ಟವಾಗಿ ಕಾಣುವುದು ಅಲ್ಲಿ ಮಾತ್ರ. ಕೈಯನ್ನು ಪೂರ್ತಿ ಮುಂದೆ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿದರೆ ಅದರ ಅಗಲ ಕಣ್ಣಿನಲ್ಲಿ ಸುಮಾರು ೨ ಡಿಗ್ರಿ ಕೋನವನ್ನು ಉಂಟುಮಾಡುತ್ತದೆ. ನಮ್ಮ ಅತಿ ಸ್ಪಷ್ಟ ದೃಷ್ಟಿಯ ಕ್ಷೇತ್ರವೂ ಹೆಚ್ಚುಕಡಿಮೆ ಅಷ್ಟೇ.

ವಾಚಕರು ಇದನ್ನು ಈ ಪುಟದಲ್ಲಿಯೇ ಪರೀಕ್ಷಿಸಬಹುದು. ಸಾಲಿನ ನಡುವಣ ಒಂದು ಪದದ ಮೇಲೆ ದೃಷ್ಟಿಯನ್ನು ನೆಟ್ಟು, ಕಣ್ಣನ್ನು ಕದಲಿಸದೆ ಅದೇ ಸಾಲಿನ ಕೊನೆಯ ಪದವನ್ನು ಓದಲು ಯತ್ನಿಸಿರಿ. ಅಲ್ಲಿ ಅಕ್ಷರಗಳಿವೆಯೆಂದು ತಿಳಿಯುತ್ತದೆ. ಅವು ಯಾವುವೆಂದು ತಿಳಿಯುವುದಿಲ್ಲ. ಹೀಗಿರುವುದರಿಂದ ಒಂದು ದೃಶ್ಯವನ್ನು ಕಾಣಬೇಕಾದರೆ ಕಣ್ಣು ಆ ಹೆಬ್ಬೆರಳಗಲದ ಕಿಂಡಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುತ್ತಲೇ ಇರಬೇಕಾಗುತ್ತದೆ.

ಓದುವ ಕಣ್ಣಿನ ನೆಗೆತ

ಓದುವಾಗ ಕಣ್ಣು ಸಾಲಿನ ಉದ್ದಕ್ಕೂ ನೀರು ಹರಿದಂತೆ ಸಾಗುತ್ತದೆಂದು ನಮಗೆ ಅನ್ನಿಸುವುದು ಸಹಜ. ಇದು ನಿಜವಲ್ಲವೆಂಬುದು ೧೮೭೦ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದಿತು. ಜರ್ಮನ್ ಶರೀರವಿಜ್ಞಾನಿ ಎವಾಲ್ಡ್ ಹೇರಿಂಗ್ ಅವರು ೧೮೭೯ರಲ್ಲಿ ಒಂದು ವಿಚಿತ್ರ ಉಪಾಯವನ್ನು ಹೂಡಿದರು. ರಬ್ಬರ್ ನಳಿಗೆಗಳನ್ನು ಕಣ್ಣಿನ ರೆಪ್ಪೆಯ ಮೇಲಿರಿಸಿ, ಓದುವ ಕಣ್ಣಿನ ಸ್ನಾಯುಗಳ ಸದ್ದನ್ನು ಕಿವಿಯಿಂದ ಆಲಿಸಿದರು. ನಡುನಡುವೆ ಚಿಕ್ಕ ಬಡಿತಗಳು ಕೇಳಿಬಂದವು. ಒಂದೊಂದು ಬಡಿತವೂ ಕಣ್ಣಿನ ಒಂದೊಂದು ನೆಗೆತವಾಗಿತ್ತು. ಅದೇ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಎಮಿಲ್ ಜವಾಲ್ ಅವರ ಪ್ರಯೋಗಶಾಲೆಯವರೂ ಇದೇ ವಿಷಯವನ್ನು ಗಮನಿಸಿದರು.

ಕಣ್ಣು ಒಂದೆಡೆ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ. ತರುವಾಯ ಥಟ್ಟನೆ ನೆಗೆದು ಮುಂದಿನ ತಾಣದಲ್ಲಿ ನಿಲ್ಲುತ್ತದೆ. ಓದಿನ ಒಂದು ನೆಗೆತಕ್ಕೆ ಸುಮಾರು ೩೦ ಮಿಲಿಸೆಕೆಂಡುಗಳು, ಎಂದರೆ ಸೆಕೆಂಡಿನ ನೂರರಲ್ಲಿ ಮೂರು ಭಾಗ, ಸಾಕು. ದೊಡ್ಡ ನೆಗೆತಗಳಲ್ಲಿ ಕಣ್ಣಿನ ಕೋನೀಯ ವೇಗ ಸೆಕೆಂಡಿಗೆ ೫೦೦ ಡಿಗ್ರಿಯನ್ನು ಮುಟ್ಟುವುದುಂಟು. ಸೆಕೆಂಡಿಗೆ ಸರಾಸರಿ ಮೂರು ನೆಗೆತಗಳೆಂದು ಲೆಕ್ಕ ಹಾಕಿದರೆ, ಎಚ್ಚರವಿರುವ ಹದಿನಾರು ಗಂಟೆಗಳಲ್ಲಿ ಅವು ಒಂದೂವರೆ ಲಕ್ಷವನ್ನು ಮೀರುತ್ತವೆ.

ನೆಗೆತಗಳ ನಡುವೆಯಾದರೂ ಕಣ್ಣು ಪೂರ್ತಿ ನಿಶ್ಚಲವಾಗಿರುತ್ತದೆಯೆ? ಅದೂ ಇಲ್ಲ. ಆಗಲೂ ಅದು ಅತಿ ಸೂಕ್ಷ್ಮವಾಗಿ ಕಂಪಿಸುತ್ತಿರುತ್ತದೆ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾನಿಲಯದ ಡಿಚ್‌ಬರ್ನ್ ಮತ್ತು ಗಿನ್ಸ್‌ಬೋರ್ಗ್ ಅವರು ೧೯೫೨ರಲ್ಲಿ ಕಣ್ಣಿಗೆ ಅಂಟುವ ಮಸೂರಕ್ಕೆ ಪುಟ್ಟ ಕನ್ನಡಿಯನ್ನು ಜೋಡಿಸಿ, ಬಿಂಬವೂ ಕಣ್ಣಿನೊಡನೆ ಅಷ್ಟೇ ಅಲುಗುವಂತೆ ಮಾಡಿದರು. ಅಕ್ಷಿಪಟಲದ ಮೇಲೆ ಬಿಂಬವು ಹೀಗೆ ನಿಶ್ಚಲವಾಗಿ ನಿಂತ ಕೆಲವೇ ಸೆಕೆಂಡುಗಳಲ್ಲಿ ಅದು ಮಾಸಿಹೋಗತೊಡಗಿತು! ನರಕೋಶಗಳು ಬದಲಾವಣೆಗೆ ಮಿಡಿಯುತ್ತವೆ. ಬದಲಾಗದ ಸಂಕೇತಕ್ಕೆ ಬೇಗನೆ ಒಗ್ಗಿಹೋಗುತ್ತವೆ. ಆದ್ದರಿಂದ ಬಿಂಬ ತೀರ ಅಲುಗಬಾರದು. ತೀರ ನಿಲ್ಲಲೂ ಬಾರದು. ಈ ಹದವನ್ನು ಕಾಯುವುದು ಮೆದುಳಿನ ಕೆಲಸ.

ಆರು ಸ್ನಾಯುಗಳು, ಒಂದು ಆಜ್ಞೆ

ಒಂದೊಂದು ಕಣ್ಣುಗುಡ್ಡೆಯನ್ನೂ ಆರು ಸ್ನಾಯುಗಳು ಆಡಿಸುತ್ತವೆ: ನಾಲ್ಕು ನೇರ ಸ್ನಾಯುಗಳು, ಎರಡು ಓರೆ ಸ್ನಾಯುಗಳು. ಇವುಗಳಲ್ಲಿ ಮೇಲಿನ ಓರೆ ಸ್ನಾಯು ಬಾವಿಯ ಹಗ್ಗ ರಾಟೆಯ ಮೇಲೆ ಹಾದುಹೋಗುವಂತೆ ಒಂದು ಮೃದ್ವಸ್ಥಿಯ ಕುಣಿಕೆಯ ಮೂಲಕ ಹಾದು ದಿಕ್ಕನ್ನು ಬದಲಿಸುತ್ತದೆ. ಈ ಆರು ಸ್ನಾಯುಗಳಿಗೆ ತಲೆಬುರುಡೆಯ ನರಗಳಲ್ಲಿ ಮೂರು, ನಾಲ್ಕು ಮತ್ತು ಆರನೆಯವು ಮೆದುಳಿನ ಆಜ್ಞೆಯನ್ನು ತರುತ್ತವೆ.

ಆ ಆಜ್ಞೆಯ ಸ್ವರೂಪವನ್ನು ಅರಿಯಲು ಭೌತವಿಜ್ಞಾನ ಬಹಳ ನೆರವಾಯಿತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಡೇವಿಡ್ ರಾಬಿನ್‌ಸನ್ ಅವರು ಮೂಲತಃ ಎಂಜಿನಿಯರರು. ಅವರು ೧೯೬೩ರಲ್ಲಿ ಕಣ್ಣಿನ ಮೇಲಿಡುವ ಮಸೂರದೊಳಗೆ ತಂತಿಯ ಪುಟ್ಟ ಸುರುಳಿಯನ್ನು ಅಡಗಿಸಿ, ತಲೆಯ ಸುತ್ತಲೂ ಆಂದೋಲಿಸುವ ಕಾಂತಕ್ಷೇತ್ರವನ್ನು ನಿರ್ಮಿಸಿದರು. ಕಣ್ಣು ತಿರುಗಿದಂತೆ ಸುರುಳಿಯೂ ತಿರುಗಿ, ಅದರಲ್ಲಿ ಪ್ರೇರಿತವಾಗುವ ವಿದ್ಯುತ್ತು ಕೋನಕ್ಕನುಸಾರವಾಗಿ ಬದಲಾಗುತ್ತದೆ. ತರಗತಿಯಲ್ಲಿ ನಾವು ಕಲಿಯುವ ಫ್ಯಾರಡೆಯ ನಿಯಮ ಕಣ್ಣಿನ ಚಲನೆಯನ್ನು ಅಳೆಯುವ ಸಾಧನವಾದ ಬಗೆ ಇದು.

ಇಂಥ ಅಳತೆಗಳಿಂದ ಒಂದು ಸ್ವಾರಸ್ಯವಾದ ಸಂಗತಿ ಹೊರಬಿದ್ದಿತು. ಕಣ್ಣುಗುಡ್ಡೆಯ ಜಡತ್ವ ಗಣನೆಗೆ ಬಾರದಷ್ಟು ಅಲ್ಪ. ಅದರ ಚಲನೆಯನ್ನು ತಡೆಯುವವು ಎರಡು: ಸುತ್ತಲಿನ ಅಂಗಾಂಶಗಳ ಸ್ನಿಗ್ಧತೆ ಮತ್ತು ಅವುಗಳ ಸ್ಥಿತಿಸ್ಥಾಪಕತೆ. ಜೇನುತುಪ್ಪದಲ್ಲಿ ಮುಳುಗಿದ ಗುಂಡೊಂದನ್ನು ಸ್ಪ್ರಿಂಗಿಗೆ ಕಟ್ಟಿದ್ದಾರೆಂದು ಊಹಿಸಿಕೊಳ್ಳಿ. ಅದನ್ನು ಶೀಘ್ರವಾಗಿ ಸರಿಸಲು ಮೊದಲು ಬಲವಾದ ಸೆಳೆತ ಬೇಕು. ಸರಿದ ಮೇಲೆ ಸ್ಪ್ರಿಂಗು ಹಿಂದಕ್ಕೆಳೆಯದಂತೆ ಹಿಡಿದಿಡಲು ಮಿತವಾದ ಸ್ಥಿರ ಸೆಳೆತ ಬೇಕು. ಮೆದುಳಿನ ಆಜ್ಞೆಯೂ ಹೀಗೆಯೇ ಇದೆ. ಮೊದಲು ನರಸ್ಪಂದಗಳ ಒಂದು ಭೋರ್ಗರೆತ, ಅದರ ಬೆನ್ನಿಗೇ ಹೊಸ ಸ್ಥಾನಕ್ಕೆ ತಕ್ಕ ಸಮಪ್ರವಾಹ. ಮೊದಲನೆಯದು ವೇಗದ ಆಜ್ಞೆ, ಎರಡನೆಯದು ಸ್ಥಾನದ ಆಜ್ಞೆ. ವೇಗದಿಂದ ಸ್ಥಾನವನ್ನು ಪಡೆಯುವ ಕ್ರಿಯೆಗೆ ಗಣಿತದಲ್ಲಿ ಅನುಕಲನವೆಂದು ಹೆಸರು. ಮಿದುಳಿನ ಕಾಂಡದ ನರಕೋಶಗಳು ಈ ಅನುಕಲನವನ್ನು ದಿನವೂ ಲಕ್ಷ ಬಾರಿ ಸದ್ದಿಲ್ಲದೆ ಮಾಡಿ ಮುಗಿಸುತ್ತವೆ!

ಎಲ್ಲಿಗೆ ನೆಗೆಯಬೇಕೆಂಬುದನ್ನು ನಿರ್ಧರಿಸುವಲ್ಲಿ ಮೆದುಳಿನ ಮುಂಭಾಗಕ್ಕೂ, ನಡುಮೆದುಳಿನ ಮೇಲೆ ಉಬ್ಬಿರುವ ಎರಡು ಪುಟ್ಟ ಗುಡ್ಡಗಳಿಗೂ ಪಾತ್ರವಿದೆ. ಈ ಗುಡ್ಡಗಳಲ್ಲಿ ದೃಷ್ಟಿಕ್ಷೇತ್ರದ ಒಂದು ನಕ್ಷೆಯೇ ಹರಡಿದೆ. ರಾಬಿನ್‌ಸನ್ ಅವರು ೧೯೭೨ರಲ್ಲಿ ಕೋತಿಗಳಲ್ಲಿ ಈ ನಕ್ಷೆಯ ಒಂದೊಂದು ಬಿಂದುವನ್ನೂ ವಿದ್ಯುತ್ತಿನಿಂದ ಉದ್ರೇಕಿಸಿದಾಗ, ಆಯಾ ಬಿಂದುವಿಗೆ ತಕ್ಕ ದಿಕ್ಕಿಗೆ, ತಕ್ಕಷ್ಟು ದೂರಕ್ಕೆ ಕಣ್ಣು ನೆಗೆಯಿತು. ನೆಗೆತ ಗುರಿ ತಪ್ಪದಂತೆ ತಿದ್ದುವುದು ಅನುಮಸ್ತಿಷ್ಕದ, ಎಂದರೆ ಕಿರುಮೆದುಳಿನ, ಹೊಣೆ. ಕಣ್ಣು ನೆಗೆಯುತ್ತಿರುವಾಗಲೇ ಗುರಿಯನ್ನು ಗುಟ್ಟಾಗಿ ಸರಿಸಿಬಿಟ್ಟರೆ ಮೊದಮೊದಲು ನೆಗೆತ ತಪ್ಪುತ್ತದೆ. ಹೀಗೆ ಮತ್ತೆ ಮತ್ತೆ ಮಾಡಿದರೆ ನೆಗೆತದ ಅಳತೆಯೇ ಬದಲಾಗಿ ಸರಿಹೊಂದಿಕೊಳ್ಳುತ್ತದೆ. ಇದು ೧೯೬೭ರಲ್ಲಿ ತಿಳಿದುಬಂದ ಸಂಗತಿ.

ಕಾಣದ ನೆಗೆತ

ಇಷ್ಟು ಬಾರಿ ನೆಗೆದರೂ ಆ ನೆಗೆತ ನಮ್ಮ ಅನುಭವಕ್ಕೆ ಬಾರದಿರುವುದು ಸೋಜಿಗವಲ್ಲವೆ? ಕನ್ನಡಿಯ ಮುಂದೆ ನಿಂತು ಮೊದಲು ಎಡಗಣ್ಣನ್ನೂ ಬಳಿಕ ಬಲಗಣ್ಣನ್ನೂ ನೋಡಿಕೊಳ್ಳಿ. ಎಷ್ಟು ಬಾರಿ ಯತ್ನಿಸಿದರೂ ಕಣ್ಣು ಸರಿಯುವುದು ನಿಮಗೆ ಕಾಣುವುದಿಲ್ಲ. ಪಕ್ಕದಲ್ಲಿ ನಿಂತ ಗೆಳೆಯನಿಗೆ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಇದೇ ಪರೀಕ್ಷೆಯನ್ನು ಮೊಬೈಲ್ ಫೋನಿನ ಮುಂಬದಿಯ ಕ್ಯಾಮೆರಾದಲ್ಲಿ ಮಾಡಿದರೆ ನಿಮ್ಮ ಕಣ್ಣಿನ ನೆಗೆತ ನಿಮಗೇ ಕಾಣಬಹುದು. ಫೋನು ಚಿತ್ರವನ್ನು ತೋರಿಸುವುದು ತುಸು ತಡವಾಗಿ. ಅಷ್ಟರಲ್ಲಿ ನೆಗೆತ ಮುಗಿದು ಕಣ್ಣು ಮತ್ತೆ ನೋಡಲು ಸಿದ್ಧವಾಗಿರುತ್ತದೆ. ನೆಗೆತದ ಅವಧಿಯಲ್ಲಿ ಮೆದುಳು ದೃಷ್ಟಿಯ ಸಂಕೇತಗಳನ್ನು ಬಹುಮಟ್ಟಿಗೆ ಅಡಗಿಸುತ್ತದೆಂಬುದು ಇದರ ತಾತ್ಪರ್ಯ.

ಇದಕ್ಕೆ ಜೊತೆಯಾಗಿ ಇನ್ನೊಂದು ಏರ್ಪಾಡೂ ಇದೆ. ಒಂದು ಕಣ್ಣನ್ನು ಮುಚ್ಚಿ, ಇನ್ನೊಂದರ ಹೊರಬದಿಯ ರೆಪ್ಪೆಯನ್ನು ಬೆರಳಿನಿಂದ ಬಹು ಮೆಲ್ಲನೆ ಒತ್ತಿದರೆ ಎದುರಿನ ದೃಶ್ಯವೇ ಸರಿದಂತಾಗುತ್ತದೆ. ಕಣ್ಣನ್ನು ನಾವಾಗಿ ಹೊರಳಿಸಿದಾಗ ಹಾಗಾಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹೆಲ್ಮ್‌ಹೋಲ್ಟ್ಸ್ ಅವರು ಇದರ ಮಹತ್ತ್ವವನ್ನು ಎತ್ತಿ ತೋರಿಸಿದ್ದರು. ಸ್ನಾಯುವಿಗೆ ಆಜ್ಞೆಯನ್ನು ಕಳುಹಿಸುವಾಗ ಮೆದುಳು ಅದರ ನಕಲೊಂದನ್ನು ತನ್ನಲ್ಲಿಯೇ ಉಳಿಸಿಕೊಳ್ಳುತ್ತದೆ. ಬಿಂಬ ಸರಿದದ್ದು ತನ್ನ ಆಜ್ಞೆಯಿಂದಲೇ ಎಂದು ಆ ನಕಲಿನಿಂದ ತಿಳಿದು ಆ ಚಲನೆಯನ್ನು ಲೆಕ್ಕದಿಂದ ಕಳೆದುಬಿಡುತ್ತದೆ. ಬೆರಳಿನ ಒತ್ತಡಕ್ಕೆ ಇಂಥ ನಕಲಿಲ್ಲ. ಆದ್ದರಿಂದ ಜಗತ್ತೇ ಸರಿದಂತೆ ತೋರುತ್ತದೆ.

ತಲೆ ಅಲುಗಿದಾಗ

ಇದುವರೆಗೆ ಹೇಳಿದ್ದು ದೃಷ್ಟಿಯನ್ನು ಸರಿಸುವ ಬಗೆ. ಅದನ್ನು ಹಿಡಿದು ನಿಲ್ಲಿಸುವ ಬಗೆ ಇನ್ನೂ ಪುರಾತನವಾದದ್ದು. ಈ ಪುಟವನ್ನು ಕೈಯಲ್ಲಿ ಹಿಡಿದು ಸೆಕೆಂಡಿಗೆ ಎರಡು ಮೂರು ಬಾರಿ ಎಡಬಲಕ್ಕೆ ಆಡಿಸಿರಿ, ಅಕ್ಷರಗಳು ಕಲಸಿಹೋಗುತ್ತವೆ. ಈಗ ಪುಟವನ್ನು ನಿಲ್ಲಿಸಿ, ಅದೇ ವೇಗದಲ್ಲಿ ತಲೆಯನ್ನು ಆಡಿಸಿರಿ. ಓದು ಸರಾಗವಾಗಿ ಸಾಗುತ್ತದೆ! ಪುಟಕ್ಕೂ ತಲೆಗೂ ನಡುವಣ ಸಾಪೇಕ್ಷ ಚಲನೆ ಎರಡರಲ್ಲಿಯೂ ಒಂದೇ. ಫಲ ಮಾತ್ರ ಬೇರೆ.

ಕಾರಣವನ್ನು ಕಿವಿಯೊಳಗೆ ಹುಡುಕಬೇಕು. ಒಳಗಿವಿಯಲ್ಲಿ ಒಂದಕ್ಕೊಂದು ಸುಮಾರು ಲಂಬವಾಗಿರುವ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ಅವುಗಳಲ್ಲಿರುವ ದ್ರವ ಜಡತ್ವದಿಂದ ಹಿಂದುಳಿಯುತ್ತದೆ; ಹಿಂದುಳಿದ ದ್ರವ ಸೂಕ್ಷ್ಮ ರೋಮಗಳನ್ನು ಬಾಗಿಸಿ ಸಂಕೇತವನ್ನು ಹುಟ್ಟಿಸುತ್ತದೆ. ಕೇವಲ ಮೂರು ನರಕೋಶಗಳ ಸರಪಳಿಯಲ್ಲಿ ಆ ಸಂಕೇತ ಕಣ್ಣಿನ ಸ್ನಾಯುವನ್ನು ಮುಟ್ಟಿ, ತಲೆ ಎಷ್ಟು ಬಲಕ್ಕೆ ಹೊರಳಿತೋ ಕಣ್ಣು ಅಷ್ಟೇ ಎಡಕ್ಕೆ ಹೊರಳುತ್ತದೆ. ಇದಕ್ಕೆ ಹಿಡಿಯುವ ಕಾಲ ೧೦ ಮಿಲಿಸೆಕೆಂಡಿನಷ್ಟು. ಕಣ್ಣು ಬಿಂಬವನ್ನು ನೋಡಿ ಹಿಂಬಾಲಿಸಬೇಕಾದರೆ ಅದರ ಹತ್ತರಷ್ಟು ಕಾಲ ಬೇಕು. ಪುಟ ಆಡಿದಾಗ ಅಕ್ಷರ ಕಲಸಿದ್ದು ಈ ವಿಳಂಬದಿಂದಲೇ.

ಈ ಏರ್ಪಾಡು ಕೆಟ್ಟರೆ ಏನಾಗುತ್ತದೆ? ಕ್ಷಯಕ್ಕೆ ಮೊತ್ತಮೊದಲು ದೊರೆತ ಪರಿಣಾಮಕಾರಿ ಔಷಧಿ ಸ್ಟ್ರೆಪ್ಟೊಮೈಸಿನ್. ಅದು ಕೆಲವರಲ್ಲಿ ಒಳಗಿವಿಯ ರೋಮಕೋಶಗಳನ್ನು ನಾಶಮಾಡುವುದುಂಟು. ಹೀಗೆ ತೊಂದರೆಗೊಳಗಾದ ಅಮೆರಿಕದ ವೈದ್ಯರೊಬ್ಬರು ತಮ್ಮ ಅನುಭವವನ್ನು ೧೯೫೨ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಹಾಸಿಗೆಯಲ್ಲಿ ಕುಳಿತು ಓದುವಾಗ ಅವರ ನಾಡಿಯ ಬಡಿತದಿಂದ ತಲೆ ಅಲುಗುವಷ್ಟಕ್ಕೇ ಪುಟದ ಅಕ್ಷರಗಳು ಕುಣಿಯುತ್ತಿದ್ದವು. ಮಂಚದ ತಲೆಯ ಕಡೆಯ ಎರಡು ಲೋಹದ ಸರಳುಗಳ ನಡುವೆ ತಲೆಯನ್ನು ಸಿಕ್ಕಿಸಿಕೊಂಡರೆ ಮಾತ್ರ ಅವರಿಗೆ ಓದಲಾಗುತ್ತಿತ್ತು. ನಮ್ಮೆಲ್ಲರ ತಲೆಯೂ ನಾಡಿಯೊಡನೆ ಹಾಗೆಯೇ ಅಲುಗುತ್ತಿದೆ. ನಮಗೆ ಅದು ತಿಳಿಯದಂತೆ ಒಳಗಿವಿ ಕಾಯುತ್ತಿದೆ.

ವೈದ್ಯನಿಗೆ ಕಣ್ಣು ಹೇಳುವ ಮಾತು

ಈ ಜ್ಞಾನ ಇಂದು ಜೀವಗಳನ್ನು ಉಳಿಸುತ್ತಿದೆ. ಇದ್ದಕ್ಕಿದ್ದಂತೆ ತಲೆ ಸುತ್ತಲಾರಂಭಿಸಿ, ಗಂಟೆಗಟ್ಟಲೆ ನಿಲ್ಲದೆ ವಾಂತಿಯಿಂದ ಬಳಲುತ್ತಿರುವ ರೋಗಿಯೊಬ್ಬ ಆಸ್ಪತ್ರೆಗೆ ಬರುತ್ತಾನೆ. ಒಳಗಿವಿಯ ನರಕ್ಕೆ ಬಂದ ಉರಿಯೂತ ಇದಕ್ಕೆ ಕಾರಣವಿರಬಹುದು, ಅದು ಪ್ರಾಣಾಪಾಯಕರವಲ್ಲ. ಇಲ್ಲವೆ ಮಿದುಳಿನ ಕಾಂಡದ ಅಥವಾ ಅನುಮಸ್ತಿಷ್ಕದ ರಕ್ತನಾಳ ಕಟ್ಟಿಕೊಂಡಿರಬಹುದು. ಅಲ್ಲಿ ಒಂದೊಂದು ಗಂಟೆಯೂ ಅಮೂಲ್ಯ. ಹೊರನೋಟಕ್ಕೆ ಎರಡೂ ಒಂದೇ.

ಸಿಡ್ನಿಯ ಹಾಲ್ಮಾಗಿ ಮತ್ತು ಕರ್ತಾಯ್ಸ್ ಅವರು ೧೯೮೮ರಲ್ಲಿ ಒಂದು ಸರಳ ಪರೀಕ್ಷೆಯನ್ನು ವಿವರಿಸಿದರು. ರೋಗಿ ವೈದ್ಯನ ಮೂಗನ್ನೇ ನೋಡುತ್ತಿರಬೇಕು. ವೈದ್ಯನು ಅವನ ತಲೆಯನ್ನು ಸ್ವಲ್ಪವೇ ಕೋನದಷ್ಟು ಥಟ್ಟನೆ ತಿರುಗಿಸುತ್ತಾನೆ. ಒಳಗಿವಿ ಕೆಟ್ಟಿದ್ದರೆ ಕಣ್ಣು ತಲೆಯೊಡನೆಯೇ ಸಾಗಿಹೋಗಿ, ಬಳಿಕ ಒಂದು ನೆಗೆತದಿಂದ ಮೂಗಿಗೆ ಮರಳುತ್ತದೆ. ಆ ಮರುನೆಗೆತವೇ ಗುರುತು. ತಲೆಸುತ್ತು ನಡೆದೇ ಇರುವಾಗ ಈ ನೆಗೆತ ಕಾಣದೆ ಕಣ್ಣು ಮೂಗಿನ ಮೇಲೆ ನಿಂತೇ ಇದ್ದರೆ, ಕಿವಿ ನೆಟ್ಟಗಿದೆಯೆಂದೂ ದೋಷ ಮೆದುಳಿನಲ್ಲಿರಬಹುದೆಂದೂ ವೈದ್ಯನು ಶಂಕಿಸಬೇಕು. ಇಲ್ಲಿ ಸರಿಯಾಗಿ ಕಾಣುವುದೇ ಅಪಾಯದ ಸೂಚನೆ!

ಕಣ್ಣಿನ ಇನ್ನೆರಡು ಲಕ್ಷಣಗಳನ್ನೂ ಇದರೊಡನೆ ಸೇರಿಸಿ ನಡೆಸಿದ ಅಧ್ಯಯನವೊಂದನ್ನು ಅಮೆರಿಕದ ವೈದ್ಯರು ೨೦೦೯ರಲ್ಲಿ ಪ್ರಕಟಿಸಿದರು. ಆರಂಭದಲ್ಲಿ ತೆಗೆದ ಎಂ.ಆರ್.ಐ. ಚಿತ್ರಗಳು ಏನನ್ನೂ ತೋರಿಸದಿದ್ದ ಕೆಲವು ರೋಗಿಗಳಲ್ಲಿಯೂ ಈ ಪರೀಕ್ಷೆ ಮೆದುಳಿನ ಆಘಾತವನ್ನು ಪತ್ತೆಹಚ್ಚಿತ್ತು. ಇದು ತರಬೇತಿ ಪಡೆದ ವೈದ್ಯರು ಮಾಡತಕ್ಕ ಕೆಲಸ. ವಾಚಕರು ಇನ್ನೊಬ್ಬರ ಕುತ್ತಿಗೆಯನ್ನು ಹೀಗೆ ತಿರುಗಿಸಲು ಹೋಗಬಾರದು.

ಓದುತ್ತಿರುವ ಗೆಳೆಯನ ಕಣ್ಣುಗಳನ್ನು ಎದುರಿನಿಂದ ಒಂದು ನಿಮಿಷ ಗಮನಿಸಿದರೆ ಸಾಕು. ಅವು ನಿಂತು ನೆಗೆದು, ನಿಂತು ನೆಗೆದು ಸಾಗುವುದನ್ನು ಯಾರೂ ಕಾಣಬಹುದು. ಇದಕ್ಕೆ ಯಾವ ಉಪಕರಣವೂ ಬೇಡ. ಒಂದೊಂದು ನೆಗೆತದ ಹಿಂದೆಯೂ ಮೆದುಳಿನ ಒಂದು ತೀರ್ಮಾನ, ಒಂದು ಆಜ್ಞೆ ಮತ್ತು ಒಂದು ತಿದ್ದುಪಡಿ ಇವೆ. ನಾವು ನಿಶ್ಚಲವೆಂದು ನಂಬಿರುವ ಜಗತ್ತು ಈ ಅವಿಶ್ರಾಂತ ದುಡಿಮೆಯ ಫಲ.