ಒಂದು ಚಿತ್ರ, ಎಂಟು ದನಿ

ಪೀಣ್ಯದ ಯಾವುದಾದರೂ ಲೇತ್ ಶೆಡ್ಡಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಹಳೇ ಮೈಸೂರಿನ ಕನ್ನಡ, ಕಲಬುರಗಿಯ ಕನ್ನಡ, ತಮಿಳು, ಬಿಹಾರದ ಹಿಂದಿ, ಒಡಿಯಾ ಎಲ್ಲವೂ ಕಿವಿಗೆ ಬೀಳುತ್ತವೆ. ಕಾರ್ಖಾನೆಯ ಸೂಚನೆಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಂ ಹೇಳಿತ್ತು. ಗೋಡೆಯ ಫಲಕಕ್ಕೆ ಎರಡು ಭಾಷೆ ಸಾಕಾದೀತು. ಪವರ್ ಪ್ರೆಸ್ ಮುಂದೆ ನಿಲ್ಲುವ ಮುನ್ನ ತೋರಿಸುವ ಸುರಕ್ಷತಾ ಚಿತ್ರಕ್ಕೆ ಸಾಲದು. ಕೈ ಎಲ್ಲಿಡಬಾರದು ಎಂಬ ಮಾತನ್ನು ಪ್ರತಿಯೊಬ್ಬರೂ ತಮ್ಮ ಭಾಷೆಯಲ್ಲೇ ಕೇಳಬೇಕು.

1996ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಡಿವಿಡಿಯಲ್ಲಿ ಇದಕ್ಕೆ ಏರ್ಪಾಡಿತ್ತು. ಒಂದೇ ಚಿತ್ರದ ಜೊತೆ ಎಂಟು ಆಡಿಯೊ ಟ್ರ್ಯಾಕ್, ಮೂವತ್ತೆರಡು ಸಬ್‌ಟೈಟಲ್ ಕೂಡಿಸಬಹುದು. ಯಾವ ದನಿ ಮೊದಲನೆಯದು, ಯಾವ ಬರಹ ಯಾವ ಸಂಖ್ಯೆಯದು, ಮೆನುವಿನ ಯಾವ ಗುಂಡಿ ಒತ್ತಿದರೆ ಯಾವುದು ಬರಬೇಕು ಎಂದು ಗೊತ್ತುಮಾಡುವುದು ಆಥರಿಂಗ್ ಎಂಬ ಕಸುಬಿನ ಭಾಗ. ಎಡಿಟಿಂಗ್ ಮುಗಿದು ಎಲ್ಲರೂ ಮನೆಗೆ ಹೊರಟ ಮೇಲೆ ಶುರುವಾಗುವ ಕೆಲಸ ಇದು. ಸಿನಾರಿಸ್ಟ್, ಡಿವಿಡಿ ಸ್ಟುಡಿಯೊ ಪ್ರೊ, ಪುಕ್ಕಟೆ ಸಿಗುವ ಡಿವಿಡಿ ಆಥರ್ ಇದರ ಸಲಕರಣೆಗಳು.

ಮೊದಲು ಜಾಗದ ಲೆಕ್ಕ. ಎರಡೂವರೆ ಗಂಟೆಯ ಸಿನಿಮಾವನ್ನು 4.7 ಜಿಬಿಯ ಡಿಸ್ಕಿಗೆ ತುಂಬಿಸಿದರೆ ಸೆಕೆಂಡಿಗೆ ಸಿಗುವುದು ಸುಮಾರು 4.2 ಮೆಗಾಬಿಟ್. 448 ಕಿಲೋಬಿಟ್‌ನ ಡಾಲ್ಬಿ ದನಿ ಐದು ಭಾಷೆಗೆ ಬೇಕೆಂದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಖರ್ಚು, ಚಿತ್ರ ಮಸುಕಾಗುತ್ತದೆ. ಮಾತೇ ಪ್ರಧಾನವಾದ ತರಬೇತಿ ಚಿತ್ರಕ್ಕೆ 192 ಕಿಲೋಬಿಟ್‌ನ ಸ್ಟೀರಿಯೊ ಧಾರಾಳವಾಯಿತು. ಸಬ್‌ಟೈಟಲ್‌ಗಳು ತೀರ ಹಗುರ, ಎಷ್ಟು ಸೇರಿಸಿದರೂ ಡಿಸ್ಕಿಗೆ ಭಾರವಾಗುವುದಿಲ್ಲ.

ಆಮೇಲೆ ಎಣಿಕೆ. ಡಿವಿಡಿ ಸೊನ್ನೆಯಿಂದ ಎಣಿಸುತ್ತದೆ, ಮೆನು ಬರೆಯುವವರು ಒಂದರಿಂದ. ಎರಡನೇ ಸಬ್‌ಟೈಟಲ್ ಕಾಣಿಸಬೇಕೆಂದರೆ ಗುಂಡಿಯ ಆದೇಶದಲ್ಲಿ 65 ಎಂದು ಬರೆಯಬೇಕು. 64 ಅಂದರೆ ‘ತೋರಿಸು’, ಉಳಿದ 1 ಅಂದರೆ ಎರಡನೆಯದು. ಬರೀ 1 ಎಂದು ಬರೆದರೆ ಬರಹ ಆಯ್ಕೆಯಾಗುತ್ತದೆ, ಪರದೆಯ ಮೇಲೆ ಮೂಡುವುದಿಲ್ಲ. ಒಂದಂಕಿ ಹೆಚ್ಚುಕಮ್ಮಿಯಾದರೆ ಒಡಿಯಾ ಕೇಳಿದವನಿಗೆ ತಮಿಳು ಕೇಳಿಸುತ್ತದೆ.

ಪ್ರತಿ ಟ್ರ್ಯಾಕಿಗೂ ಎರಡಕ್ಷರದ ಭಾಷಾ ಗುರುತು ಬೇಕು. ಕನ್ನಡದ್ದು ‘ಕೆ-ಎನ್’. ಪ್ಲೇಯರಿನ ಸೆಟಪ್‌ನಲ್ಲಿ ನೀವು ಒಮ್ಮೆ ಭಾಷೆ ಆರಿಸಿಟ್ಟರೆ ಅದು ಪ್ರತಿ ಡಿಸ್ಕಿನಲ್ಲೂ ಈ ಗುರುತನ್ನೇ ಹುಡುಕುತ್ತದೆ. ಎಷ್ಟೋ ಪ್ಲೇಯರುಗಳ ಪಟ್ಟಿಯಲ್ಲಿ ಕನ್ನಡದ ಹೆಸರಿರಲಿಲ್ಲ. ಎಲ್‌ಜಿಯ ಕೈಪಿಡಿಗಳಲ್ಲಿ ‘ಇತರೆ’ ಎಂಬಲ್ಲಿಗೆ ಹೋಗಿ 7578 ಎಂದು ಒತ್ತಬೇಕೆಂಬ ಸೂಚನೆ ಕೊನೆಯ ಪುಟಗಳ ಕೋಷ್ಟಕದಲ್ಲಿ ಸಿಗುತ್ತದೆ. ಕಂಪ್ಯೂಟರಿಗೆ ‘ಕೆ’ ಅಂದರೆ 75, ‘ಎನ್’ ಅಂದರೆ 78. ಇಷ್ಟೆಲ್ಲ ಮಾಡಿದರೂ ಡಿಸ್ಕ್ ತಯಾರಿಸಿದವರು ಆ ಎರಡಕ್ಷರದ ಜಾಗವನ್ನು ಖಾಲಿ ಬಿಟ್ಟಿದ್ದರೆ ಪ್ಲೇಯರಿಗೆ ಅದು ಯಾವ ಭಾಷೆಯೆಂದು ತಿಳಿಯುವ ದಾರಿಯೇ ಇಲ್ಲ. ಸೋಮಾರಿತನಕ್ಕೆ ಇಲ್ಲಿ ಕ್ಷಮೆಯಿಲ್ಲ ಎಂದೇ ನನಗನ್ನಿಸುತ್ತದೆ. ತುಂಬುವುದಕ್ಕೆ ಎರಡು ಸೆಕೆಂಡೂ ಬೇಡ.

ಕಸುಬುದಾರಿಕೆ ನಿಜಕ್ಕೂ ತಿಳಿಯುವುದು ಕನ್ನಡ ಸಬ್‌ಟೈಟಲ್ ಮಾಡುವಾಗ. ಡಿವಿಡಿಯಲ್ಲಿ ಸಬ್‌ಟೈಟಲ್ ಇರುವುದು ಅಕ್ಷರವಾಗಿ ಅಲ್ಲ, ನಾಲ್ಕೇ ಬಣ್ಣದ ಪುಟ್ಟ ಚಿತ್ರವಾಗಿ. ಇದು ಕನ್ನಡಕ್ಕೆ ವರವೇ ಆಯಿತು. ಪ್ಲೇಯರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ಬರಹ ಸರಿಯಾಗಿ ಕಾಣುತ್ತದೆ. ಆದರೆ ಚಿತ್ರವನ್ನು ಮಾಡುವಾಗಲೇ ಎಲ್ಲ ಸರಿಯಿರಬೇಕು. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಸಂಕೇತದಲ್ಲಿ ಟೈಪಾದ ಸಂಭಾಷಣೆಯನ್ನು ಯುನಿಕೋಡ್ ಬಯಸುವ ತಂತ್ರಾಂಶಕ್ಕೆ ಹಾಗೇ ಕೊಟ್ಟರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಮೂಡುತ್ತದೆ. ಎರಡು ಸಾಲಿನ ಮಾತಿನಲ್ಲಿ ಮೇಲೆ ‘ರಾಷ್ಟ್ರ’ ಬಂದು, ಅದರ ಕೆಳಗೇ ‘ಕೀರ್ತಿ’ ಬಂದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಗಲುತ್ತದೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಇಲ್ಲಿ ಸಾಲದು. ಹಳೆಯ ಟಿವಿ 576 ಗೆರೆಗಳನ್ನು ಸರದಿಯ ಮೇಲೆ ಒಂದು ಬಿಟ್ಟು ಒಂದರಂತೆ ಮೂಡಿಸುತ್ತಿದ್ದುದರಿಂದ ತೆಳು ಫಾಂಟಿನ ತಲೆಕಟ್ಟು ಮಿಣಮಿಣ ಮಿನುಗುತ್ತಿತ್ತು. ಕನಿಷ್ಠ ಎರಡು ಗೆರೆಯಷ್ಟು ದಪ್ಪದ ಅಕ್ಷರ, ಸುತ್ತ ಕಪ್ಪು ಅಂಚು ಇದ್ದರೇ ಕಣ್ಣಿಗೆ ಹಿತ.

ಇನ್ನೊಂದು ತೊಡಕು ವೇಗದ್ದು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು, ನಮ್ಮ ಪಾಲ್ ಡಿವಿಡಿ 25. ಹಾಗಾಗಿ 150 ನಿಮಿಷದ ಚಿತ್ರ ಡಿಸ್ಕಿನಲ್ಲಿ 144 ನಿಮಿಷಕ್ಕೇ ಮುಗಿದುಬಿಡುತ್ತದೆ. 24ಕ್ಕೆ ಹೊಂದಿಸಿದ ಸಬ್‌ಟೈಟಲನ್ನು ಹಾಗೇ ಅಂಟಿಸಿದರೆ ಕ್ಲೈಮ್ಯಾಕ್ಸಿನ ಹೊತ್ತಿಗೆ ಬರಹ ಆರು ನಿಮಿಷ ಹಿಂದೆ ಬಿದ್ದಿರುತ್ತದೆ.

ಕನ್ನಡದಲ್ಲಿ ಈ ಕಸುಬು ಬೆಳೆಯಬೇಕಾದಷ್ಟು ಬೆಳೆಯಲಿಲ್ಲ. ಕನ್ನಡಕ್ಕೆ ಡಬ್ಬಿಂಗ್ ಮಾಡಬಾರದೆಂಬ ಅಘೋಷಿತ ತಡೆ 1960ರ ದಶಕದಿಂದ ಇತ್ತು. ಅದು ಸ್ಪರ್ಧಾ ಕಾಯ್ದೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ; ಅಷ್ಟರಲ್ಲಿ ಡಿವಿಡಿಯ ಒಳ್ಳೆಯ ಕಾಲ ಕಳೆದಿತ್ತು. ಹೊರಗಿನ ಚಿತ್ರಗಳ ಡಿಸ್ಕಿಗೆ ಹಿಂದಿ, ತಮಿಳು, ತೆಲುಗಿನ ದನಿ ಸೇರುತ್ತಿದ್ದಾಗ ಕನ್ನಡದ ದನಿಗೆ ಎಡೆಯಿರಲಿಲ್ಲ, ಸರಿ. ಆದರೆ ಕನ್ನಡ ಸಬ್‌ಟೈಟಲ್‌ಗೆ ಯಾರೂ ಅಡ್ಡ ಬಂದಿರಲಿಲ್ಲವಲ್ಲ? ಮೂವತ್ತೆರಡು ಸ್ಥಾನಗಳಲ್ಲಿ ಒಂದನ್ನಾದರೂ ನಾವು ಕೇಳಿ ಪಡೆಯಬೇಕಿತ್ತು. ಕನ್ನಡ ಚಿತ್ರಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳಲ್ಲಿ ಪಕ್ಕದ ಮನೆಯ ಬಂಗಾಳಿಯೂ ಕೂತು ನೋಡುತ್ತಾರೆ. ಕನ್ನಡ ಚಿತ್ರಕ್ಕೆ ಕನ್ನಡದ್ದೇ ಸಬ್‌ಟೈಟಲ್ ಇದ್ದರೆ ಕಿವಿ ಕೇಳದವರು ನೋಡುತ್ತಾರೆ. ಈ ಎರಡನೆಯ ಗುಂಪನ್ನು ನೆನೆದವರು ತೀರ ಕಮ್ಮಿ.

ತುಳುವಿನ ಪಾಡು ಇನ್ನೂ ಬೇರೆ. 1971ರ ‘ಎನ್ನ ತಂಗಡಿ’ಯಿಂದ ತುಳು ಸಿನಿಮಾ ಇದೆ. ಆದರೆ ಎರಡಕ್ಷರದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ತುಳು ಇಲ್ಲ, ಕೊಡವ ಇಲ್ಲ, ಕೊಂಕಣಿಯೂ ಇಲ್ಲ. ತುಳು ಡಿಸ್ಕ್ ಮಾಡುವವರಿಗೆ ಗುರುತನ್ನು ಖಾಲಿ ಬಿಡುವುದು ಅಥವಾ ಕನ್ನಡವೆಂದು ಬರೆಯುವುದು, ಎರಡೇ ದಾರಿ.

ಮನೆಯ ಕಪಾಟಿನಲ್ಲಿರುವ ಡಿಸ್ಕುಗಳನ್ನು ಈಗ ಎಂಕೆವಿ ಕಡತಗಳಿಗೆ ಇಳಿಸಿಕೊಳ್ಳುತ್ತಿರುವವರು ಇದನ್ನು ಸರಿಮಾಡಿಕೊಳ್ಳಬಹುದು. ಎಂಕೆವಿ ಮೂರಕ್ಷರದ ಗುರುತುಗಳನ್ನೂ ಒಪ್ಪುತ್ತದೆ: ತುಳುವಿಗೆ ‘ಟಿ-ಸಿ-ವೈ’, ಕೊಡವಕ್ಕೆ ‘ಕೆ-ಎಫ್-ಎ’, ಕೊಂಕಣಿಗೆ ‘ಕೆ-ಒ-ಕೆ’. ಇಳಿಸುವಾಗ ಡಿಸ್ಕಿನ ಎಲ್ಲ ಆಡಿಯೊ, ಎಲ್ಲ ಸಬ್‌ಟೈಟಲ್ ಟ್ರ್ಯಾಕುಗಳನ್ನೂ ಉಳಿಸಿಕೊಂಡು, ಒಂದೊಂದನ್ನೂ ಕೇಳಿ, ನೋಡಿ, ಅದರದರ ಗುರುತು ಹಾಕಿಡಿ.