ಮರೆವಿನ ಹಿರಿಯರನ್ನು ಕ್ಯಾಷುವಾಲ್ಟಿಗೆ ಕರೆದೊಯ್ಯುವಾಗ

ಉಡುಪಿ ಹೋಟೆಲುಗಳಲ್ಲಿ ದುಡಿಯುತ್ತ, ಕನ್ನಡ ರಾತ್ರಿಶಾಲೆಗಳಲ್ಲಿ ಕಲಿಯುತ್ತ ಮುಂಬಯಿಯಲ್ಲಿ ನೆಲೆ ಕಂಡ ತಲೆಮಾರಿಗೆ ಈಗ ಎಂಬತ್ತರ ಆಸುಪಾಸು. ಡೊಂಬಿವಲಿ, ಮುಲುಂಡ್, ಚೆಂಬೂರು, ಬೊರಿವಲಿಯ ಫ್ಲ್ಯಾಟುಗಳಲ್ಲಿ ಅವರಲ್ಲಿ ಕೆಲವರು ಮರೆವಿನ ಕಾಯಿಲೆಯೊಂದಿಗೆ ದಿನ ಕಳೆಯುತ್ತಿದ್ದಾರೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇಕಡ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ.

ಇಂಥ ಮನೆಯಲ್ಲಿ ಯಾವಾಗ ಬೇಕಾದರೂ ಆಸ್ಪತ್ರೆಗೆ ಓಡಬೇಕಾದ ಗಳಿಗೆ ಬರಬಹುದು. ಬಚ್ಚಲಲ್ಲಿ ಜಾರಿ ಬೀಳುತ್ತಾರೆ, ಜ್ವರ ಏರುತ್ತದೆ, ಊಟ ನೀರು ಬಿಡುತ್ತಾರೆ. ಆಗ ರೋಗಿಯ ಪರವಾಗಿ ಮಾತಾಡಬಲ್ಲವರು ಜೊತೆಗೆ ಹೋದವರು ಮಾತ್ರ. ಅವರು ಏನು ಹೇಳುತ್ತಾರೆ, ಎಷ್ಟು ಹೊತ್ತು ಪಕ್ಕದಲ್ಲಿರುತ್ತಾರೆ ಎಂಬುದೂ ಚಿಕಿತ್ಸೆಯ ಒಂದು ಭಾಗವೇ.

ಒಂದೆರಡು ದಿನದಲ್ಲೇ ಬದಲಾದರೆ

ಡಿಮೆನ್ಷಿಯಾ ತಿಂಗಳು, ವರ್ಷಗಳ ಲೆಕ್ಕದಲ್ಲಿ ಮೆಲ್ಲಗೆ ಬೆಳೆಯುವ ಕಾಯಿಲೆ. ನಿನ್ನೆ ಮಗನ ಹೆಸರು ಹೇಳುತ್ತಿದ್ದ ತಾಯಿ ಇವತ್ತು ಗೋಡೆಯೊಂದಿಗೆ ಮಾತಾಡುತ್ತಿದ್ದರೆ, ಹಗಲಿಡೀ ಮಂಪರಿನಲ್ಲಿದ್ದು ರಾತ್ರಿ ಎದ್ದೆದ್ದು ಓಡಾಡಿದರೆ, ಅದಕ್ಕೆ ಬೇರೆ ಕಾರಣವಿದೆ ಎಂದೇ ತಿಳಿಯಬೇಕು. ವೈದ್ಯರು ಇದನ್ನು ಡೆಲಿರಿಯಮ್ ಎನ್ನುತ್ತಾರೆ. ಹಳಬರು ಸನ್ನಿ ಹಿಡಿದಿದೆ ಎನ್ನುತ್ತಿದ್ದರು. ಮೂತ್ರದ ಸೋಂಕು, ನ್ಯುಮೋನಿಯ, ನೀರಿನಂಶದ ಕೊರತೆ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಮಲಬದ್ಧತೆ, ಹೊಸ ಮಾತ್ರೆ, ಬಿದ್ದಾಗ ಆದ ಒಳಪೆಟ್ಟು, ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಇವುಗಳಲ್ಲಿ ಹೆಚ್ಚಿನವಕ್ಕೆ ಮದ್ದಿದೆ. ಬರೀ ಸುಮ್ಮನೆ ಮಲಗಿಬಿಡುವ ಸನ್ನಿಯೂ ಇದೆ. ಗಲಾಟೆ ಇಲ್ಲವೆಂದು ಅದು ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ.

ಆದ್ದರಿಂದ ಕ್ಯಾಷುವಾಲ್ಟಿಯ ಡಾಕ್ಟರಿಗೆ ಮೊದಲು ಹೇಳಬೇಕಾದ್ದು ಇಷ್ಟು: "ಇವರು ಮೊನ್ನೆವರೆಗೆ ಹೀಗಿರಲಿಲ್ಲ. ತಾವಾಗಿಯೇ ಉಣ್ಣುತ್ತಿದ್ದರು, ನಡೆಯುತ್ತಿದ್ದರು. ಬದಲಾವಣೆ ಶುರುವಾದದ್ದು ನಿನ್ನೆ ಸಂಜೆ." "ಡಿಮೆನ್ಷಿಯಾ ಪೇಶೆಂಟ್" ಎಂದಷ್ಟೇ ಹೇಳಿದರೆ, ಗೊಂದಲವೆಲ್ಲ ಹಳೆಯ ಕಾಯಿಲೆಯದ್ದೇ ಎಂದು ದಣಿದ ಡಾಕ್ಟರ್ ಅಂದುಕೊಳ್ಳಬಹುದು.

ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವ ಕಾಲಾವಕಾಶ ನಾಲ್ಕೂವರೆ ಗಂಟೆ. ರೋಗಿ ಸರಿಯಾಗಿದ್ದುದನ್ನು ಕೊನೆಯ ಬಾರಿ ಕಂಡದ್ದು ಎಷ್ಟು ಗಂಟೆಗೆ ಎಂಬುದನ್ನು ನೆನಪಿಟ್ಟು ಹೇಳಿ.

ಎಲ್ಲಿಗೆ, ಹೇಗೆ

ಮಹಾರಾಷ್ಟ್ರದಲ್ಲಿ ಆಂಬುಲೆನ್ಸಿಗೆ 108. ಪರೇಲಿನ ಕೆಇಎಂ, ಸಯನ್ನಿನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್‌ನ ನಾಯರ್, ಜುಹೂವಿನ ಕೂಪರ್ ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳು. ಭಾಯಖಳದ ಜೆ.ಜೆ. ರಾಜ್ಯ ಸರಕಾರದ್ದು. ಹತ್ತಿರದ ಖಾಸಗಿ ಆಸ್ಪತ್ರೆ ಮುಂಗಡ ಹಣ ಕೇಳಿತೆಂದು ಎದೆಗುಂದಬೇಡಿ. ತುರ್ತು ಚಿಕಿತ್ಸೆ ಕೊಡುವುದು ಸರಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯರ ಹೊಣೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. 70 ತುಂಬಿದವರಿಗೆ 2024ರಿಂದ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ ಇದೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮಾತ್ರ ಅದು ಸಿಗುತ್ತದೆ. ಕಾರ್ಡನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.

ಕೇಸ್ ಪೇಪರಿನ ಜೊತೆಗೊಂದು ಹಾಳೆ

ಒಂದು ಹಾಳೆಯಲ್ಲಿ ಇವನ್ನು ಬರೆದು ಆಧಾರ್ ಕಾರ್ಡಿನ ಪ್ರತಿಯೊಂದಿಗೆ ಬಾಗಿಲ ಹಿಂದಿನ ಚೀಲದಲ್ಲಿಡಿ: ಹೆಸರು, ವಯಸ್ಸು, ಮನೆಯಲ್ಲಿ ಕರೆಯುವ ಹೆಸರು, ಇರುವ ಕಾಯಿಲೆಗಳು, ಎಲ್ಲ ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಒಗ್ಗದ ಔಷಧಿ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದು ದಪ್ಪಕ್ಷರದಲ್ಲಿ, ಏಕೆಂದರೆ ತಲೆಗೆ ಪೆಟ್ಟಾದಾಗ ಅದು ಮುಖ್ಯ. ಲೆವಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾ ಇದ್ದರೆ ಅದನ್ನೂ ಬರೆಯಲೇಬೇಕು. ಗಲಾಟೆ ಮಾಡುವ ರೋಗಿಗೆ ಸಾಮಾನ್ಯವಾಗಿ ಕೊಡುವ ಹ್ಯಾಲೊಪೆರಿಡಾಲ್ ಇಂಥವರ ಜೀವಕ್ಕೇ ಎರವಾಗಬಹುದು.

ಕಾಯಿಲೆ ಬೆಳೆದಂತೆ ಆಮೇಲೆ ಕಲಿತ ಹಿಂದಿ, ಮರಾಠಿ, ಇಂಗ್ಲಿಷ್ ಜಾರಿಹೋಗಿ ಹುಟ್ಟುಭಾಷೆಯಷ್ಟೇ ಉಳಿಯುವುದುಂಟು. ಐವತ್ತು ವರ್ಷ ಮರಾಠಿಯಲ್ಲಿ ವ್ಯವಹಾರ ಮಾಡಿದ ತಂದೆ ಸಿಸ್ಟರಿನ ಪ್ರಶ್ನೆಗೆ ಸುಮ್ಮನೆ ದಿಟ್ಟಿಸುತ್ತಾರೆ. ನೀರು, ನೋವು, ಉಚ್ಚೆ, ಸಾಕು ಎಂಬುದಕ್ಕೆ ಅವರು ಮನೆಯಲ್ಲಿ ಆಡುವ ಕನ್ನಡ, ತುಳು ಅಥವಾ ಕೊಂಕಣಿ ಮಾತನ್ನು ದೇವನಾಗರಿಯಲ್ಲಿ ಬರೆದು ಹಾಸಿಗೆಯ ಬಳಿ ಅಂಟಿಸಿ. ವಾರ್ಡಿನ ಆಯಾ ಮಾವಶಿಗೂ ಅದನ್ನು ಹೇಳಿಕೊಡಿ.

ಹಾಸಿಗೆಯ ಪಕ್ಕ

"ನೋವಿದೆಯಾ ಅಮ್ಮಾ?" ಎಂದರೆ "ಇಲ್ಲಪ್ಪ, ಮನೆಗೆ ಹೋಗೋಣ" ಎನ್ನುತ್ತಾರೆ. ಆದರೆ ಹಾಸಿಗೆಯ ಚಾದರ ಮುಷ್ಟಿಯಲ್ಲಿ ಬಿಗಿಯಾಗಿರುತ್ತದೆ, ಹುಬ್ಬು ಗಂಟಿಕ್ಕಿರುತ್ತದೆ, ಮಗ್ಗುಲು ತಿರುಗಿಸುವಾಗ ಉಸಿರು ಕಟ್ಟುತ್ತದೆ. ಮಾತು ಸೋತವರ ನೋವನ್ನು ಅಳೆಯಲು 2003ರಲ್ಲಿ ರೂಪುಗೊಂಡ ಪೇನ್‌ಆಡ್ ಎಂಬ ಮಾನದಂಡ ನೋಡುವುದೂ ಇವನ್ನೇ: ಉಸಿರಾಟ, ನರಳಿಕೆ, ಮುಖಭಾವ, ಮೈಯ ಬಿಗಿತ, ಸಂತೈಸಿದರೆ ಸಮಾಧಾನ ಆಗುತ್ತದೆಯೇ ಎಂಬುದು. ಸೊಂಟದ ಮೂಳೆ ಮುರಿದವರು ಕೂಡ ನೋವಿಲ್ಲ ಎನ್ನಬಹುದು. ಕಂಡದ್ದನ್ನು ಡಾಕ್ಟರಿಗೆ ಹೇಳಿ.

ಕನ್ನಡಕ, ಶ್ರವಣಸಾಧನ, ಹಲ್ಲಿನ ಸೆಟ್ ಮನೆಯಲ್ಲೇ ಉಳಿದರೆ ಗೊಂದಲ ಇಮ್ಮಡಿಯಾಗುತ್ತದೆ. ಸಲೈನ್ ಸೂಜಿ ಕೀಳುತ್ತಿದ್ದರೆ ಕೈ ಕಟ್ಟುವ ಮೊದಲು ಬೇರೆ ದಾರಿ ಕೇಳಿ. ಸೂಜಿಯ ಮೇಲೆ ಬ್ಯಾಂಡೇಜ್ ಸುತ್ತಿ ತುಂಬುತೋಳಿನ ಅಂಗಿ ಹಾಕಿದರೆ ಎಷ್ಟೋ ಸಲ ಅದರ ನೆನಪೇ ಹೋಗುತ್ತದೆ. ಕಟ್ಟಿಹಾಕುವುದು ಸನ್ನಿಯನ್ನು ಹೆಚ್ಚಿಸುತ್ತದೆ. ಡಾಕ್ಟರ್ ಒಪ್ಪಿದ ಮೇಲೆ, ನೆಟ್ಟಗೆ ಕೂರಿಸಿ, ಸಣ್ಣ ತುತ್ತಾಗಿ ಉಣಿಸಿ.

ಒಬ್ಬರು ಸದಾ ಪಕ್ಕದಲ್ಲಿರಬೇಕು. ಬ್ರಿಟನ್ನಿನಲ್ಲಿ ಅಲ್ಜೈಮರ್ ಇದ್ದ ಜಾನ್ ಜೆರಾರ್ಡ್ 2014ರಲ್ಲಿ ಕಾಲಿನ ಹುಣ್ಣಿಗೆಂದು ಆಸ್ಪತ್ರೆ ಸೇರಿದರು. ಮನೆಯವರ ಭೇಟಿಗೆ ಕಟ್ಟುಪಾಡಿತ್ತು. ಐದು ವಾರದ ಮೇಲೆ ಹೊರಬಂದಾಗ ನಡೆಯುವುದೂ ಆಗುತ್ತಿರಲಿಲ್ಲ, ಅದೇ ವರ್ಷ ತೀರಿಕೊಂಡರು. ಅವರ ಮಗಳು ನಿಕ್ಕಿ ಜೆರಾರ್ಡ್ ಮತ್ತು ಗೆಳತಿ ಜೂಲಿಯಾ ಜೋನ್ಸ್ ಆರಂಭಿಸಿದ 'ಜಾನ್ಸ್ ಕ್ಯಾಂಪೇನ್' ಡಿಮೆನ್ಷಿಯಾ ರೋಗಿಯ ಜೊತೆ ಮನೆಯವರು ಇರುವುದು ಹಕ್ಕಾಗಬೇಕೆಂದು ಹೋರಾಡಿತು. ನಮ್ಮ ಜನರಲ್ ವಾರ್ಡುಗಳಲ್ಲಿ ಒಬ್ಬರಿಗೆ ಪಾಸ್ ಕೊಡುವ ರೂಢಿ ಇದ್ದೇ ಇದೆ. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರಿಗೆ ಪ್ರವೇಶ ಕಷ್ಟವಾದ್ದರಿಂದ ಮಗಳೋ ಸೊಸೆಯೋ ನಿಲ್ಲುವ ಏರ್ಪಾಡಾಗಲಿ. ಐಸಿಯುವಿನಲ್ಲಾದರೆ, ಊಟ ಮತ್ತು ಔಷಧಿಯ ಹೊತ್ತಿಗಾದರೂ ಒಳಗೆ ಬಿಡಿ ಎಂದು ವಿನಯದಿಂದ, ಪಟ್ಟುಬಿಡದೆ ಕೇಳಿ.

ಮುಂಚೆಯೇ ಆಡಬೇಕಾದ ಮಾತು

ವೆಂಟಿಲೇಟರ್ ಬೇಕೇ ಎಂದು ನಡುರಾತ್ರಿ ಡಾಕ್ಟರ್ ಕೇಳಿದಾಗ ಅಣ್ಣತಮ್ಮಂದಿರು ಜಗಳಕ್ಕೆ ನಿಲ್ಲುವುದುಂಟು. ಕೊನೆಗಾಲದಲ್ಲಿ ಇಂಥ ಚಿಕಿತ್ಸೆ ಬೇಕೇ ಬೇಡವೇ ಎಂದು ಮುಂಚೆಯೇ ಬರೆದಿಡುವ ಜೀವಂತ ಉಯಿಲಿಗೆ (ಲಿವಿಂಗ್ ವಿಲ್) ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ಕೊಟ್ಟಿತು, 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಬುದ್ಧಿ ಸ್ಪಷ್ಟವಿರುವಾಗ ಮಾತ್ರ ಇದನ್ನು ಬರೆಯಲು ಸಾಧ್ಯ. ಕಾಯಿಲೆಯ ಮೊದಲ ಹಂತದಲ್ಲೇ ತಂದೆತಾಯಿಯ ಮನಸ್ಸಿನಲ್ಲಿ ಏನಿದೆ ಎಂದು ಕೇಳಿ ತಿಳಿಯಿರಿ.

ಕೊನೆಯದಾಗಿ ಮುಂಬಯಿಯ ಕನ್ನಡ, ತುಳು ಸಂಘಗಳಲ್ಲಿ ಒಂದು ವಿನಂತಿ. ಒಬ್ಬಳೇ ಮಗಳಿರುವ ಮನೆ, ಮಕ್ಕಳೆಲ್ಲ ವಿದೇಶದಲ್ಲಿರುವ ಮನೆ ಇಂದು ಬಹಳ. ಇಂಥ ರೋಗಿಯ ಪಕ್ಕ ಎರಡು ಗಂಟೆ ಕುಳಿತು ಅವರ ಭಾಷೆಯಲ್ಲಿ ಮಾತಾಡಬಲ್ಲವರ ಪಟ್ಟಿಯೊಂದನ್ನು ಪ್ರತಿ ಸಂಘವೂ ಉಪನಗರವಾರು ಸಿದ್ಧಪಡಿಸಲಿ. ಇದಕ್ಕೆ ದುಡ್ಡು ಬೇಕಿಲ್ಲ, ನಾಲ್ಕು ಜನರ ಮನಸ್ಸು ಸಾಕು.