ಕಂದನ ಲಂಗೋಟಿಗೆ ಯಾವ ಬಟ್ಟೆ?

ಬಾಣಂತನಕ್ಕೆಂದು ಊರಿನಿಂದ ಬರುವ ಅಜ್ಜಿಯರ ಗಂಟಿನಲ್ಲಿ ಹಳೆಯ ಪಂಚೆ, ಹತ್ತಿ ಸೀರೆಗಳ ತುಂಡುಗಳು ಇದ್ದೇ ಇರುತ್ತವೆ. ಪುಣೆಯ ನಮ್ಮ ಮನೆಗಳಲ್ಲಿ ಅವನ್ನು ಬದಿಗಿರಿಸಿ ಡೈಪರ್ ಕೊಳ್ಳುವುದು ರೂಢಿಯಾಗಿದೆ. ಆದರೆ ನಾವು ಎಸೆದ ಡೈಪರ್ ಕಸ ಬೇರ್ಪಡಿಸುವವರ ಕೈಗೆ ಸೇರುತ್ತದೆ. ಕಸ ಆಯುವವರ ಇಲ್ಲಿನ ಸಹಕಾರ ಸಂಸ್ಥೆ ‘ಸ್ವಚ್ಛ’, ಇಂಥ ಕಸವನ್ನು ಕಾಗದದಲ್ಲಿ ಸುತ್ತಿ ಕೆಂಪು ಚುಕ್ಕೆ ಇಡಿರೆಂದು ನಾಗರಿಕರನ್ನು ಕೋರಿದ್ದು ಇದಕ್ಕಾಗಿಯೇ.

ಬಟ್ಟೆಯ ಲಂಗೋಟಿಗೆ ಮರಳುವವರು 3 ಗುಣಗಳನ್ನು ಗಮನಿಸಬೇಕು: ಮೃದುತ್ವ, ಹೀರುವ ಶಕ್ತಿ, ಬೇಗ ಒಣಗುವಿಕೆ. ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಒಡನೆ ಇಂಗಿದರೆ ಯೋಗ್ಯ. ಮುತ್ತಿನಂತೆ ನಿಂತರೆ ಅಲ್ಲ. ಹೊಸ ಹತ್ತಿಬಟ್ಟೆಯೂ ಗಂಜಿ ಹೋಗುವಂತೆ ನಾಲ್ಕಾರು ಸಲ ಒಗೆದ ಮೇಲೆಯೇ ಚೆನ್ನಾಗಿ ಹೀರುತ್ತದೆ. ಬಟ್ಟೆ ಮೃದುಗೊಳಿಸುವ ದ್ರಾವಣ ಬೇಡ. ಅದರಿಂದ ಹೀರುವ ಶಕ್ತಿ ಕುಂದುತ್ತದೆ.

ದಪ್ಪ ಟೆರ್ರಿ ಬಟ್ಟೆ, ಬಿದಿರಿನ ನಾರಿನ ಬಟ್ಟೆಗಳು ಹೆಚ್ಚು ಹೀರಿದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಇಲ್ಲಿನ ಮಳೆಗಾಲದಲ್ಲಿ ಬೇಗ ಒಣಗವು. ಮಲ್‌ಮಲ್ ಅಥವಾ ಹಳೆಯ ಪಂಚೆಯನ್ನು ಮಡಿಸಿ ಕಟ್ಟಿ, ಒಗೆದು, ಬಿಡಿಸಿ ಹರವಿದರೆ ಬೇಗನೆ ಒಣಗುತ್ತದೆ. ರಾತ್ರಿಗೆ ಮಡಿಕೆ ಹೆಚ್ಚಿಸಿದರಾಯಿತು. ಯಾವ ಬಟ್ಟೆಯಾದರೂ ಒದ್ದೆಯಾದೊಡನೆ ಬದಲಿಸಬೇಕು. ಇಲ್ಲದಿದ್ದರೆ ಕಂದನ ಚರ್ಮ ಕೆಂಪಾಗುತ್ತದೆ.

ಪ್ರಯಾಣಕ್ಕೆ ಡೈಪರ್ ಅನಿವಾರ್ಯವೆನಿಸಿದರೆ, ಬಳಸಿದ್ದನ್ನು ಸುತ್ತಿ ಕೆಂಪು ಚುಕ್ಕೆಯಿಟ್ಟೇ ಕೊಡೋಣ.